ಕಿವಿರಮ್ಮ ತೊಳೆದ ಮರಳು

ಮೀನು ಮಾರುಕಟ್ಟೆಯಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದುದು ಕಿವಿರಮ್ಮ ಎಂದು. ಕಿವಿರು ಎತ್ತಿ ನೋಡದೆ ಅವಳು ಯಾವ ಮೀನನ್ನೂ ಮಾರಿದವಳಲ್ಲ. ಕೋಪ ಮೂಗಿನ ತುದಿಯಲ್ಲಿ ಎಂದರೆ ಅವಳ ಮಟ್ಟಿಗೆ ಕಡಿಮೆಯೇ; ಅದು ತಕ್ಕಡಿಯ ಪಕ್ಕ, ಕೈಗೆ ಸಿಗುವ ಹಾಗೆ ಇರುತ್ತಿತ್ತು. ಮೀನನ್ನು ಒತ್ತಿ ಒತ್ತಿ ನೋಡಿ ಕೊಳ್ಳದೆ ಹೊರಟವರಿಗೆ, "ಅದೇನು ಮಗು ಕೆನ್ನೆನಾ? ಹಿಂಡಿದ್ದಾಯ್ತಲ್ಲ, ಒಂದು ಮುತ್ತೂ ಕೊಟ್ಟು ಹೋಗಿ" ಎನ್ನುವಳು.

ಅವಳು ಮಾರುತ್ತಿದ್ದುದು ಕಾಣೆ ಮೀನು ಮಾತ್ರ. ಗೇಣುದ್ದದ ಸಪೂರ ಬೆಳ್ಳಿ ಮೈ, ಚೂಪು ಮೂತಿ. ದಡದ ಹತ್ತಿರದ ಮರಳಲ್ಲೇ ಅದರ ಸಂಸಾರ. ಬಲೆ ಬಂತೆಂದರೆ ಬೇರೆ ಮೀನುಗಳು ದಿಕ್ಕೆಟ್ಟು ಓಡುತ್ತವೆ. ಇದು ಮೂತಿ ಊರಿ ಮರಳೊಳಗೆ ಹೊಕ್ಕುಬಿಡುತ್ತದೆ, ನೆಂಟರು ಬಂದಾಗ ಮುಸುಕು ಹೊದ್ದು ಮಲಗುವ ಸೋಮಾರಿಯ ಹಾಗೆ. ಬಲೆಯವರು ಸಪ್ಪೆ ಮೋರೆಯಲ್ಲಿ ಮುಂದೆ ಹೋದ ಮೇಲೆ ಅವಳ ಗಂಡ ಸೊಂಟದ ನೀರಿನಲ್ಲಿ ಬರಿಗಾಲಲ್ಲಿ ನಡೆಯುತ್ತಾನೆ. ಅಂಗಾಲಿನಡಿ ಮಿಸುಕಿದ್ದನ್ನು ಒತ್ತಿಹಿಡಿದು, ಮುಳುಗಿ, ಕೈಯಿಂದ ಎತ್ತುತ್ತಾನೆ. ಮಾತಿಲ್ಲದ ಮನುಷ್ಯ. "ಇವರ ಬುದ್ಧಿಯೆಲ್ಲ ಅಂಗಾಲಲ್ಲೇ ಇದೆ" ಎಂದು ಅವಳು ಹೇಳುವುದು ಬೈಗುಳವೋ ಹೊಗಳಿಕೆಯೋ, ಅವನು ಎಂದೂ ಕೇಳಿದವನಲ್ಲ.

ಒಂದು ಬೆಳಿಗ್ಗೆ, ದಿನಾ ಅವಳಿಂದ ಮೀನು ತರಿಸಿಕೊಳ್ಳುವ ಹೋಟೆಲಿನ ಯಜಮಾನ ಬಂದವನೇ ಒಂದು ಬುಟ್ಟಿ ಕಾಣೆಯನ್ನು ಅವಳು ಮೀನು ಹರಡುವ ಕಲ್ಲಿನ ಮೇಲೆ ಸುರಿದ. ನಾತಕ್ಕೆ ಅಕ್ಕಪಕ್ಕದವರು ಮೂಗು ಮುಚ್ಚಿಕೊಂಡರು. ಹಿಂದೆಯೇ ಮಾರುಕಟ್ಟೆಯ ಮೇಲ್ವಿಚಾರಕ.

"ನಿನ್ನೆ ನೀನು ಕಳ್ಸಿದ್ದು ಇದೇ. ತಿಂದ ನಾಲ್ಕು ಜನ ವಾಂತಿ ಮಾಡ್ಕೊಂಡ್ರು" ಎಂದ ಯಜಮಾನ.

"ಕೆಟ್ಟ ಮೀನು ಮಾರಿದ್ರೆ ಕಲ್ಲು ಬಿಡಿಸಿ ಬೇರೆಯವ್ರಿಗೆ ಕೊಡ್ಬೇಕು, ಅಕ್ಕಾ. ನಿಯಮ" ಎಂದ ಮೇಲ್ವಿಚಾರಕ.

ಆ ಕಲ್ಲು ಅವಳಿಗೆ ತಾಯಿಯಿಂದ ಬಂದದ್ದು. ಇಬ್ಬರ ಚಾಕು ತಿಂದು ನಡುವೆ ತಗ್ಗು ಬಿದ್ದಿತ್ತು.

"ಇದು ನನ್ನ ಮೀನಲ್ಲ! ನನ್ನ ಗಂಡ ಮರಳಿಂದ ಎತ್ತಿದ ಮೀನಿನ ಕಿವಿರಲ್ಲಿ ಮರಳಿರುತ್ತೆ. ಇದ್ರಲ್ಲಿ ಎಲ್ಲಿದೆ, ತೋರ್ಸಿ!"

ಯಜಮಾನ ನಕ್ಕ. "ಹೇಗಿರುತ್ತೆ? ನೀನೇ ತೊಳೆದು ಕೊಡ್ತೀಯಲ್ಲ!"

ನಿಜವೇ. ಗಿರಾಕಿಗಳ ಹಲ್ಲಿಗೆ ಮರಳು ಸಿಗುತ್ತದೆಂದು ಇವನೇ ಗೊಣಗಿದ್ದ. ಅಂದಿನಿಂದ ಇವನ ಪಾಲಿನ ಒಂದೊಂದು ಮೀನಿನ ಕಿವಿರನ್ನೂ ಅವಳು ಬೆರಳಿಟ್ಟು ತೊಳೆಯುತ್ತಿದ್ದಳು, ಹಸುಗೂಸಿನ ಕಿವಿ ಒರೆಸಿದ ಹಾಗೆ. ತನ್ನ ಸಾಕ್ಷಿಯನ್ನು ತಾನೇ ತೊಳೆದುಕೊಂಡಿದ್ದಳು. ಸಿಟ್ಟು ಒಂದು ಗಳಿಗೆ ಅವಳ ಮೇಲೇ ತಿರುಗಿತು. ಆಮೇಲೆ ಬಂದ ದಾರಿಯಲ್ಲೇ ಯಜಮಾನನ ಕಡೆಗೆ ವಾಪಸಾಯಿತು.

"ಕಿವಿರು ತೊಳೆದೆ, ಒಪ್ಪಿದೆ. ಹೊಟ್ಟೆ ಯಾರು ಕೊಯ್ಯೋದು?"

"ನಮ್ಮ ಅಡುಗೆಯವನು. ಅದಕ್ಕೇನೀಗ?"

ಅವಳು ತನ್ನ ಬುಟ್ಟಿಯಿಂದ ಒಂದು ಕಾಣೆ ತೆಗೆದು ಹೊಟ್ಟೆ ಸೀಳಿದಳು. ಬಿಳಿ ಮರಳು, ಅದರಲ್ಲಿ ಕೆಂಪು ಹುಳದ ತುಂಡು. ಅವನು ತಂದದ್ದನ್ನು ಸೀಳಿದಳು. ಕಪ್ಪು ಕೆಸರು. ಇನ್ನೊಂದು, ಮತ್ತೊಂದು, ಅದೇ ಕೆಸರು.

"ನಮ್ಮ ದಡದಲ್ಲಿ ಎಲ್ಲಿದೆ ಸ್ವಾಮೀ ಈ ಕೆಸರು? ಮರಳಲ್ಲಿ ಹುಳ ಹೆಕ್ಕಿ ತಿನ್ನೋ ಮೀನು ಕೆಸರು ತಿನ್ಬೇಕಾದ್ರೆ ಊರು ಬಿಟ್ಟು ಹೋಗಿರ್ಬೇಕು!"

"ಬೇರೆ ಊರಿಂದ ಬರೋ ಐಸ್ ಲಾರಿ ಮಾಲು ಕಣೇ ಅದು! ನಿನ್ನೆ ಇವ್ರ ಹಿಂಬಾಗಿಲಲ್ಲೇ ನಿಂತಿತ್ತು" ಎಂದಳು ಪಕ್ಕದ ಸಿಗಡಿಯವಳು.

ಯಜಮಾನ ತನ್ನ ಚಪ್ಪಲಿ ನೋಡಿಕೊಂಡ. ಮೇಲ್ವಿಚಾರಕ ಗಂಟಲು ಸರಿಮಾಡಿಕೊಂಡು, "ಸರಿ, ಹೋಗ್ಲಿ ಬಿಡಿ ಅಕ್ಕಾ" ಎಂದ.

"ಏನು ಹೋಗ್ಲಿ? ನನ್ನ ಕಲ್ಲು ಹೋಗೋವಾಗ ನಿಯಮ, ಇವ್ರ ಮಾನ ಹೋಗೋವಾಗ ಹೋಗ್ಲಿ ಬಿಡಿ?" ಅವಳು ನೀರಿನ ಚೊಂಬನ್ನು ಯಜಮಾನನ ಮುಂದೆ ಕುಕ್ಕಿದಳು. "ಸುರಿದ ಕೈಯೇ ತೊಳೀಬೇಕು. ತಗ್ಗಲ್ಲೂ ಉಜ್ಜಿ."

ಇಡೀ ಮಾರುಕಟ್ಟೆ ನೋಡುತ್ತಿದ್ದಂತೆ ಅವನು ಕಲ್ಲು ಉಜ್ಜಿದ.

ಮಾರನೆಯ ದಿನದಿಂದ ಅವಳು ಯಾರ ಮೀನಿನ ಕಿವಿರನ್ನೂ ತೊಳೆಯಲಿಲ್ಲ. "ಮರಳಿದೆಯಲ್ಲಮ್ಮಾ" ಎಂದವರಿಗೆ, "ಇದೆ. ನೋಡ್ಕೊಂಡು ತಗೊಳ್ಳಿ, ಮನೇಲಿ ತೊಳ್ಕೊಳ್ಳಿ" ಎನ್ನುವಳು.

ಸಂಗತಿ ಕೇಳಿದ ಗಂಡ ಒದ್ದೆ ಕಾಲು ಒರೆಸಿಕೊಳ್ಳುತ್ತ, "ತೊಳೀಬೇಡ ಅಂತ ಅವತ್ತೇ ಹೇಳಿದ್ದೆ" ಎಂದ.

"ಯಾರಿಗೆ ಹೇಳಿದ್ರಿ? ನನಗೋ, ನಿಮ್ಮ ಅಂಗಾಲಿಗೋ?" ಎಂದು ಅವಳು ಪಾತ್ರೆ ಕುಕ್ಕಿದಳು.