ವಿಶೇಷ ಎಂಬ ಖಾನೆ

ಕುಮಟಾದ ಒಂದು ಕಂಪ್ಯೂಟರ್ ಅಂಗಡಿಯಲ್ಲಿ ಕೆಲಸ ಸಿಕ್ಕಾಗ ನನಗೆ ಮೂವತ್ತಾರು ವರ್ಷ. ಮನೆಯಲ್ಲಿ ನನ್ನ ಮದುವೆಯ ಮಾತು ಆಗಲೇ ನಿಂತುಹೋಗಿತ್ತು. ಅಣ್ಣ, ಅತ್ತಿಗೆ, ಅವರ ಇಬ್ಬರು ಮಕ್ಕಳು ಕೆಳಗೆ. ಮಹಡಿಯ ಮೇಲಿನ ಕೋಣೆಯಲ್ಲಿ ನಾನು. ಯಾರೂ ಕೆಟ್ಟವರಲ್ಲ. "ಊಟ ಆತಾ?" ಎಂದು ದಿನಾ ಕೇಳುತ್ತಿದ್ದರು. ಅದೊಂದನ್ನು ಬಿಟ್ಟರೆ ಬೇರೆ ಏನನ್ನೂ ಕೇಳುತ್ತಿರಲಿಲ್ಲ. ತುಂಬಿದ ಮನೆಯಲ್ಲಿ ಒಬ್ಬಳೇ ಇರುವುದು ಹೇಗೆಂದು ತಿಳಿಯಬೇಕಾದರೆ ನನ್ನನ್ನು ಕೇಳಿ, ನಾನು ಅದರಲ್ಲಿ ಪಳಗಿದವಳು.

ಅಂಗಡಿಯವರು ಕಂಪ್ಯೂಟರ್, ಪ್ರಿಂಟರ್ ಮಾರುತ್ತಿದ್ದರು, ಕೆಟ್ಟರೆ ರಿಪೇರಿ ಮಾಡಿಸಿ ಕೊಡುತ್ತಿದ್ದರು. ಹೊನ್ನಾವರದಲ್ಲಿ ಒಂದು, ಭಟ್ಕಳದಲ್ಲಿ ಒಂದು ಸಣ್ಣ ಕೋಣೆ. ಅಲ್ಲಿ ದೂರು ಬರೆದುಕೊಳ್ಳಲು ಒಬ್ಬೊಬ್ಬರು: ಹೊನ್ನಾವರದಲ್ಲಿ ನಡುವಯಸ್ಸಿನ ಒಬ್ಬಾತ, ಭಟ್ಕಳದಲ್ಲಿ ಶಿರಾಲಿ ಕಡೆಯ ಒಬ್ಬಳು ಹುಡುಗಿ. ಇಬ್ಬರ ಮುಖವನ್ನೂ ನಾನು ನೋಡಿರಲಿಲ್ಲ. ಅವರು ಕಳಿಸಿದ ದೂರು ನೋಡಿ ರಿಪೇರಿಯವರನ್ನು ಅಟ್ಟುವುದು ನನ್ನ ಕೆಲಸವಾಗಿತ್ತು.

ಮೊದಮೊದಲು ಎಲ್ಲ ಫೋನಿನಲ್ಲಿ, ಚೀಟಿಯಲ್ಲಿ ನಡೆಯುತ್ತಿತ್ತು. ಬ್ರಾಡ್‌ಬ್ಯಾಂಡ್ ಬಂದದ್ದೇ ಮಾಲೀಕರಿಗೆ ಹುರುಪು ಹತ್ತಿತು. ಯಾವುದೋ ಪತ್ರಿಕೆಯ ಜೊತೆ ಬಂದ ಸಿ.ಡಿ.ಯಲ್ಲಿ ದೂರುಗಳ ಲೆಕ್ಕ ಇಡುವ ಸಾಫ್ಟ್‌ವೇರ್ ಪುಕ್ಕಟೆ ಸಿಕ್ಕಿತು. ಅದನ್ನು ನನ್ನ ಮೇಜಿನ ಕಂಪ್ಯೂಟರಿಗೆ ಹಾಕಿಸಿ, "ನೀನೇ ನೋಡಿ ಕಲ್ತ್ಕೊ ತಂಗಿ" ಎಂದರು. ಕಂಡವರ ಮಕ್ಕಳನ್ನು ಬಾವಿಗೆ ತಳ್ಳಿ ಆಳ ನೋಡುವುದರಲ್ಲಿ ಅವರು ಯಾವಾಗಲೂ ಮುಂದೆ.

ಅದು ಸಾಫ್ಟ್‌ವೇರ್ ಬರೆಯುವವರಿಗೆಂದು ಮಾಡಿದ್ದು. ಅದು ಕೇಳುವ ಪ್ರಶ್ನೆಗೂ ನಮ್ಮ ಗಿರಾಕಿಗಳಿಗೂ ಸಂಬಂಧವೇ ಇಲ್ಲ. ನಮಗೆ ಬೇಕಾದದ್ದೇ ಬೇರೆ. ಮಂಕಿ ಊರಿನ ಒಂದು ಶಾಲೆಯಲ್ಲಿ ಕಂಪ್ಯೂಟರ್ ಕೆಟ್ಟಿತು ಎನ್ನಿ. ರಿಪೇರಿಯವ ಎರಡು ಬಸ್ಸು ಹತ್ತಿ ಇಳಿದು ಹೋದರೆ ಕೋಣೆಗೆ ಬೀಗ. ಚಾವಿ ಇದ್ದ ಮಾಸ್ತರರು ಹೊನ್ನಾವರಕ್ಕೆ ಮೀಟಿಂಗಿಗೆ ಹೋಗಿರುತ್ತಾರೆ. ಅವನು ಬಂದು ನನ್ನ ಮೇಲೆ ಹಾರಾಡುತ್ತಾನೆ. ಹಾಗಾಗಿ ನಮ್ಮದೇ ಖಾನೆಗಳನ್ನು ಸೇರಿಸಬೇಕಿತ್ತು.

ಮೂರು ದಿನ ಕೂತು ಕಲಿತೆ. ಖಾನೆಗೆ ಒಂದು ಹೆಸರು ಕೊಡಬೇಕು. ಅದರಲ್ಲಿ ಬರೆಯುವುದೋ, ಪಟ್ಟಿಯಿಂದ ಆರಿಸುವುದೋ, ತಾರೀಖು ಹಾಕುವುದೋ ಹೇಳಬೇಕು. ಎಷ್ಟು ಅಕ್ಷರ ಹಿಡಿಯಬೇಕೆಂದು ಹೇಳಬೇಕು. ಕೊನೆಗೆ ಒಂದು ಸಣ್ಣ ಚೌಕ: ಇದು ಕಡ್ಡಾಯವೋ ಅಲ್ಲವೋ. ಅಲ್ಲಿ ಗುರುತು ಹಾಕಿದರೆ ಖಾನೆಯ ಪಕ್ಕ ಕೆಂಪು ನಕ್ಷತ್ರ ಮೂಡುತ್ತದೆ, ಅದನ್ನು ತುಂಬದೆ ದೂರು ಮುಂದೆ ಹೋಗುವುದಿಲ್ಲ. ಹೀಗೆ 'ಚಾವಿ ಯಾರ ಹತ್ತಿರ' ಆಯಿತು, 'ಯಾವ ಬಸ್ಸು' ಆಯಿತು, 'ಯಂತ್ರದ ನಂಬರ್' ಆಯಿತು. ಚಾವಿಯ ಖಾನೆ ಬಂದ ಮೇಲೆ ರಿಪೇರಿಯವರ ಹಾರಾಟ ನಿಂತಿತು. ನನಗೆ ಸ್ವಲ್ಪ ಜಂಬವೂ ಬಂತು ಎನ್ನಿ.

ಇವುಗಳಿಗೆಲ್ಲ ಮೊದಲು, ಕೈ ಪಳಗಲೆಂದು ಒಂದು ಖಾನೆ ಮಾಡಿ ನೋಡಿದ್ದೆ. ಹೆಸರು ಏನಿಡುವುದೆಂದು ತೋಚದೆ 'ವಿಶೇಷ' ಎಂದು ಇಟ್ಟಿದ್ದೆ. ನಮ್ಮ ಕಡೆ ಇಬ್ಬರು ಎದುರಾದರೆ ಬಾಯಿಗೆ ಬರುವ ಮೊದಲ ಮಾತೇ ಅದು, "ಮತ್ತೆ ಎಂತ ವಿಶೇಷ?" ನಕ್ಷತ್ರ ಹೇಗೆ ಕಾಣುತ್ತದೆ ನೋಡೋಣವೆಂದು ಕಡ್ಡಾಯದ ಚೌಕಕ್ಕೂ ಗುರುತು ಹಾಕಿದ್ದೆ. ಆಮೇಲೆ ಅಳಿಸಿದರಾಯಿತು ಎಂದುಕೊಂಡು ಹಾಗೇ ಬಿಟ್ಟೆ.

ಎರಡೂ ಊರಿನವರು ಇಂಟರ್ನೆಟ್ಟಿನ ಮೂಲಕ ಅದರಲ್ಲೇ ದೂರು ತುಂಬತೊಡಗಿದ ಮೊದಲ ದಿನ, ಭಟ್ಕಳದಿಂದ ಬಂದ ಮೊದಲ ದೂರು ತೆರೆದೆ. ಪ್ರಿಂಟರಿನಲ್ಲಿ ಕಾಗದ ಸಿಕ್ಕಿಬೀಳುತ್ತದೆ, ಚಾವಿ ಜವಾನನ ಹತ್ತಿರ. ಅದರ ಕೆಳಗೆ, ವಿಶೇಷ ಎಂಬಲ್ಲಿ, ಇಂಗ್ಲಿಷ್ ಅಕ್ಷರದ ಕನ್ನಡದಲ್ಲಿ: ಮಳೆ ಬಂತು, ಹೋತು.

ಎರಡು ಸಲ ಓದಿದೆ. ಎಷ್ಟೋ ದಿನಗಳ ಮೇಲೆ ಒಬ್ಬರು ತಾವಾಗಿ ನನಗೊಂದು ಸುದ್ದಿ ಹೇಳಿದ್ದರು. ಅಳಿಸಲು ಕೈ ಬರಲಿಲ್ಲ.

ಆಮೇಲೆ ಸುಮಾರು ಮೂರು ವರ್ಷ ಅದು ನಡೆಯಿತು. ಎದುರಿನ ಬೇಕರಿಯವರು ಬಾಗಿಲಿಗೆ ಹಸಿರು ಬಣ್ಣ ಹೊಡೆಯುತ್ತಿದ್ದಾರೆ. ಮರುದಿನ: ಬಣ್ಣ ಒಣಗಲಿಲ್ಲ. ಇಂದು ಶುಕ್ರವಾರ, ಮಧ್ಯಾಹ್ನ ಅಂಗಡಿಗಳ ಬಾಗಿಲು ಹಾಕಿದೆ, ರಸ್ತೆ ಖಾಲಿ. ಮಲ್ಲಿಗೆ ಬುಟ್ಟಿ ಬಸ್ಸಿಗೆ ಹತ್ತಿತು, ಮಾಲಕಿ ಹತ್ತಲಿಲ್ಲ. ಬೆಕ್ಕು ಪ್ರಿಂಟರ್ ಮೇಲೆ ಮಲಗಿದೆ, ಎಬ್ಬಿಸಲಿಲ್ಲ. ಕೆಲವು ದಿನ ಬರೀ 'ಎಂತದೂ ಇಲ್ಲ' ಎಂದಿರುತ್ತಿತ್ತು. ಆ ದಿನವೆಲ್ಲ ನನಗೆ ಕಸಿವಿಸಿ. ಯಾಕೆ ಎಂತದೂ ಇಲ್ಲ? ಮನೆಯಲ್ಲಿ ಏನಾದರೂ ಆಯಿತೇ? ಮರುದಿನ ಮತ್ತೆ ಬೆಕ್ಕೋ ಬೇಕರಿಯೋ ಬಂದರೆ ನನ್ನ ಜೀವ ತಣ್ಣಗಾಗುತ್ತಿತ್ತು.

ಹೊನ್ನಾವರದವನು ಮಾತ್ರ ಆ ಖಾನೆಯಲ್ಲಿ ಒಂದು ಚುಕ್ಕಿ ಇಟ್ಟು ಕಳಿಸುತ್ತಿದ್ದ. ಎಲ್ಲ ದೂರಿಗೂ ಒಂದೇ ಚುಕ್ಕಿ. ಎಷ್ಟು ಸೊಕ್ಕು ನೋಡು ಇವನಿಗೆ, ಎರಡು ಮಾತು ಬರೆದರೆ ಗಂಟು ಹೋಗುತ್ತದಾ ಎಂದು ಬೈದುಕೊಳ್ಳುತ್ತಿದ್ದೆ. ಕಡ್ಡಾಯದ ಗುರುತು ಹಾಕಿದವಳು ನಾನೇ. ಅದನ್ನು ಮರೆತಿದ್ದೆ ಎಂದರೆ ಸುಳ್ಳಾಗುತ್ತದೆ. ನೆನಪು ಮಾಡಿಕೊಳ್ಳಲಿಲ್ಲ, ಅಷ್ಟೆ.

ಒಮ್ಮೆ ಬಟ್ಟೆ ಒಣಹಾಕುತ್ತಿದ್ದ ಅತ್ತಿಗೆಗೆ, "ಭಟ್ಕಳದಲ್ಲಿ ಬೆಳಿಗ್ಗೆಯಿಂದ ಮಳೆಯಂತೆ" ಎಂದೆ.

"ಯಾರು ಹೇಳಿದ್ರು?"

"ನನ್ನ ಸ್ನೇಹಿತೆ ಒಬ್ಳು ಇದ್ದಾಳೆ ಅಲ್ಲಿ."

ಅತ್ತಿಗೆ ಕೈಯಲ್ಲಿದ್ದ ಸೀರೆ ಹಿಡಿದುಕೊಂಡೇ ನನ್ನ ಮುಖ ನೋಡಿದರು. ನನಗೂ ಸ್ನೇಹಿತೆ ಇದ್ದಾಳೆಂದು ಕೇಳಿ ಅವರಿಗೆ ಖುಷಿಯೇ ಆಯಿತೆಂದು ಕಾಣುತ್ತದೆ. ಆ ಮಾತನ್ನು ನನ್ನ ಬಾಯಿಂದ ನಾನೇ ಕೇಳಿದ್ದು ಅದೇ ಮೊದಲು. ಆ ಸಂಜೆ ಮಹಡಿಯ ಮೆಟ್ಟಿಲು ಹತ್ತುವಾಗ ಮನಸ್ಸು ಹಗುರವಾಗಿತ್ತು.

ಹಾಗಾದರೆ ಅವಳ ಜೊತೆ ಮಾತಾಡಿದೆನೇ? ಇಲ್ಲ. ವಾರಕ್ಕೆರಡು ಸಲ ಫೋನ್ ಬರುತ್ತಿತ್ತು. ಪ್ರಿಂಟರಿನ ರಿಬ್ಬನ್ ಬಂತಾ, ರಿಪೇರಿಯವ ಹೊರಟನಾ, ಇಷ್ಟೇ. "ಬೆಕ್ಕು ಹೇಗಿದೆ?" ಎಂಬ ಮಾತು ನಾಲಿಗೆಯ ತುದಿಗೆ ಬಂದು ನಿಲ್ಲುತ್ತಿತ್ತು. ಅವಳೇ ತೆಗೆಯಲಿ ಎಂಬ ಬಿಗುಮಾನ ನನಗೆ. ಕೆಲಸದ ಮಾತು ಮುಗಿದದ್ದೇ ಫೋನ್ ಇಟ್ಟುಬಿಡುತ್ತಿದ್ದೆ.

ಒಂದು ದಿನ ಮಾಲೀಕರು ಒಂದು ಕಟ್ಟು ಕಾಗದ ಹಿಡಿದುಕೊಂಡು ನನ್ನ ಮೇಜಿಗೆ ಬಂದರು. ಭಟ್ಕಳದ ದೊಡ್ಡ ಗಿರಾಕಿಯೊಬ್ಬರು ತಮ್ಮ ದೂರುಗಳ ವರದಿ ಬೇಕೆಂದು ಕೇಳಿದ್ದರಂತೆ. ಇವರು ನನ್ನನ್ನು ಕೇಳದೆ ಎಲ್ಲ ಖಾನೆ ಸೇರಿಸಿ ಅಚ್ಚು ಹಾಕಿಸಿ ಕಳಿಸಿದ್ದರು.

"ಎಂತ ತಂಗಿ ಇದು? ರಿಬ್ಬನ್ ಬದ್ಲಿಸಿದ್ದು ಅಂತ ಉಂಟು, ಅದರ ಬದಿಗೆ ಬೆಕ್ಕು ಮಲಗಿದ್ದು ಉಂಟು. ನಿಮ್ಮಲ್ಲಿ ಬೆಕ್ಕಿಗೂ ಸರ್ವಿಸ್ ಉಂಟಾ ಅಂತ ಕೇಳ್ತಾರೆ ಅವರು. ಯಾರು ಮಾಡಿದ್ದು ಈ ಖಾನೆ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡ ಹಾಗೆ ನಾನು ಎದ್ದೇ ನಿಂತೆ. "ಕಲೀಲಿಕ್ಕೆ ಅಂತ ಮಾಡಿದ್ದು."

"ತೆಗೆದು ಬಿಸಾಕು."

"ತೆಗೆದ್ರೆ ಇಷ್ಟು ದಿನ ಬರೆದದ್ದೆಲ್ಲ ಹೋಗ್ತದೆ."

"ಹೋಗ್ಲಿ. ಬೆಕ್ಕು ಮಲಗಿದ್ದು ಇಟ್ಕೊಂಡು ಎಂತ ಮಾಡೂದು?"

"ವರದಿಯಲ್ಲಿ ಬರದ ಹಾಗೆ ಮಾಡ್ತೆ. ಕಡ್ಡಾಯ ಅನ್ನೂದನ್ನೂ ತೆಗೆದು ಹಾಕ್ತೆ. ಖಾನೆ ಇರ್ಲಿ."

ನನ್ನ ದನಿ ಏರಿತ್ತು. ಮಾಲೀಕರು ಕಾಗದದ ಕಟ್ಟನ್ನು ನನ್ನ ಮೇಜಿನ ಮೇಲೆ ಹಾಕಿ, "ಆತು, ಎಂತಾದ್ರೂ ಮಾಡು" ಎಂದು ಹೋದರು. ನಾನು ಚೌಕದ ಗುರುತು ತೆಗೆದೆ. ಗೆದ್ದೆ ಎಂದುಕೊಂಡೆ.

ಮರುದಿನ ಭಟ್ಕಳದಿಂದ ಎರಡು ದೂರು. ವಿಶೇಷದ ಖಾನೆ ಖಾಲಿ. ಅವಸರದಲ್ಲಿದ್ದಳೇನೋ. ಅದರ ಮರುದಿನವೂ ಖಾಲಿ. ಮೈ ಸರಿಯಿಲ್ಲವೇ? ಆದರೆ ಯಂತ್ರದ ನಂಬರು, ಬಸ್ಸು, ಚಾವಿ ಎಲ್ಲ ಅಚ್ಚುಕಟ್ಟಾಗಿ ತುಂಬಿದೆ. ಹೊನ್ನಾವರದ ದೂರು ತೆರೆದರೆ ಅಲ್ಲಿಯ ಚುಕ್ಕಿಯೂ ಮಾಯ. ಅದನ್ನು ನೋಡಿದ ಮೇಲೆ ನನಗೆ ಅರ್ಥವಾಗಬೇಕಿತ್ತು. ಆಯಿತು ಕೂಡ. ಒಪ್ಪಿಕೊಳ್ಳಲಿಲ್ಲ. ಅವನ ಚುಕ್ಕಿ ಬೇರೆ, ಇವಳ ಮಾತು ಬೇರೆ ಎಂದು ಹಟ ಹಿಡಿದು ಎರಡು ವಾರ ಕಾದೆ.

ಕೊನೆಗೆ ಹೊಸ ಕೀಬೋರ್ಡ್ ಕೊಡುವ ನೆಪ ಹೂಡಿ ಭಟ್ಕಳದ ಬಸ್ಸು ಹತ್ತಿದೆ. ಅವಳಿಗೆ ನಾನು ನಿಜವಾಗಿ ಏನಾದರೂ ಆಗಬೇಕೋ ಇಲ್ಲವೋ, ಅದೊಂದು ನನಗೆ ತಿಳಿಯಬೇಕಿತ್ತು. ಹೊಳೆಯ ಸೇತುವೆ ದಾಟಿತು, ಮಂಕಿ ದಾಟಿತು. ಮೊದಲ ಮಾತು ಏನಾಡಬೇಕೆಂದು ದಾರಿಯುದ್ದಕ್ಕೂ ಜೋಡಿಸುತ್ತ ಕೂತಿದ್ದೆ.

ಹುಡುಗಿ ಸಪೂರ, ಕನ್ನಡಕದವಳು. "ಅಯ್ಯೋ ಅಕ್ಕ, ನೀವೇ ಬರೂದಾ?" ಎಂದು ಕುರ್ಚಿ ಕೊಟ್ಟಳು, ಚಾ ತರಿಸಿದಳು. ಕಿಟಕಿಯಾಚೆ ಬೇಕರಿಯ ಹಸಿರು ಬಾಗಿಲು ಇತ್ತು. ಜೋಡಿಸಿಟ್ಟ ಮಾತೆಲ್ಲ ಮರೆತುಹೋಗಿ ನೇರ ಕೇಳಿಬಿಟ್ಟೆ.

"ಆ ವಿಶೇಷದಲ್ಲಿ ಈಗ ಎಂತದೂ ಬರಿಯೂದಿಲ್ಲ ಅಲ್ಲ ನೀನು?"

"ಯಾವುದಕ್ಕ? ಓ, ಅದಾ. ಕೆಂಪು ನಕ್ಷತ್ರ ಹೋತಲ್ಲ. ಮೊದ್ಲು ತುಂಬ್ದೇ ಇದ್ರೆ ಮುಂದೆ ಹೋಗ್ತಾನೇ ಇರ್ಲಿಲ್ಲ. ಎಂತ ಬರಿಯೂದು ಅಂತ ತಲೆ ಕೆಟ್ಟು ಕಿಟಕಿ ಹೊರಗೆ ಕಂಡದ್ದು ಬರೀತಿದ್ದೆ." ಅವಳಿಗೆ ನಗು ಬಂತು. "ಯಾಕಕ್ಕ, ಅದನ್ನ ಯಾರಾದ್ರೂ ಓದ್ತಿದ್ರಾ?"

"ನಾನು ಓದ್ತಿದ್ದೆ."

"ಎಲ್ಲಾನೂ?"

"ಎಲ್ಲಾನೂ."

ಅವಳ ನಗು ನಿಂತಿತು. ಪಾಪದ ಹುಡುಗಿ, ನನ್ನ ಮುಖದಲ್ಲಿ ಏನು ಕಂಡಿತೋ. "ಮೊದ್ಲೇ ಹೇಳೂದಲ್ವಾ ಅಕ್ಕ? ನೀವು ಓದ್ತೀರಿ ಅಂತ ಗೊತ್ತಿದ್ರೆ ಚಂದ ಮಾಡಿ ಬರೀತಿದ್ದೆ" ಎಂದಳು. ನನಗೆ ನಾಚಿಕೆಯಾಯಿತು, ಸಂಕಟವೂ ಆಯಿತು. ಚಾ ಕುಡಿದು, ಕೀಬೋರ್ಡ್ ಜೋಡಿಸಿ ಎದ್ದೆ. ಅವಳು ಬಸ್ ನಿಲ್ದಾಣದ ತನಕ ಬಂದಳು. ಬಸ್ಸು ಬರುವವರೆಗೆ ಇಬ್ಬರೂ ರಸ್ತೆಯ ಕಡೆಗೇ ನೋಡುತ್ತ ನಿಂತಿದ್ದೆವು.

ಮರುದಿನ ಖಾನೆ ತುಂಬಿ ಬಂತು. ನಮಸ್ತೆ ಅಕ್ಕ, ಕ್ಷೇಮವಾಗಿ ಮುಟ್ಟಿದಿರಾ, ಇಲ್ಲಿ ಎಲ್ಲರೂ ಆರೋಗ್ಯ. ಅದರ ಮರುದಿನ: ನಮಸ್ತೆ ಅಕ್ಕ, ಇಂದು ಹವೆ ಚೆನ್ನಾಗಿದೆ, ನಿಮ್ಮ ದಿನ ಶುಭವಾಗಲಿ. ಒಂದು ದಿನವೂ ತಪ್ಪಿಸಲಿಲ್ಲ. ಕಿಟಕಿಯಾಚೆಯದು ಒಂದೂ ಇರಲಿಲ್ಲ. ಮೊದಲು ನಕ್ಷತ್ರಕ್ಕಾಗಿ ಬರೆದಳು, ಈಗ ನನ್ನ ಮೇಲಿನ ಕನಿಕರಕ್ಕೆ ಬರೆಯುತ್ತಿದ್ದಳು. ಎಂಟು ದಿನ ತಡೆದುಕೊಂಡೆ.

ಒಂಬತ್ತನೆಯ ದಿನ ಖಾನೆಯನ್ನೇ ಅಳಿಸಿದೆ. ಇದರಲ್ಲಿದ್ದದ್ದೆಲ್ಲ ಹೋಗುತ್ತದೆ, ಸರಿಯೇ ಎಂದು ಕಂಪ್ಯೂಟರ್ ಕೇಳಿತು. ಸರಿ ಎಂದು ಒತ್ತಿದೆ. ಎಲ್ಲಿ ಹೋಯಿತೆಂದು ಅವಳು ಕೇಳಿದರೆ ಮಾಲೀಕರು ತೆಗೆಸಿದರು ಎಂದು ಹೇಳುವುದಕ್ಕೆ ಸಿದ್ಧಳಾಗಿದ್ದೆ.

ಮರುದಿನ ಭಟ್ಕಳದಿಂದ ಮೂರು ದೂರು ಬಂದವು. ಸಂಜೆ ಅವಳ ಫೋನೂ ಬಂತು. ಪ್ರಿಂಟರಿನ ಟೋನರ್ ಯಾವಾಗ ಬರುತ್ತದೆ ಎಂದು ಕೇಳಿದಳು. ನಾಳೆ ಎಂದೆ. ಅವಳು ಇನ್ನೇನಾದರೂ ಕೇಳಬಹುದೆಂದು ಫೋನ್ ಹಿಡಿದೇ ಇದ್ದೆ.

"ಆತಕ್ಕ" ಎಂದು ಅವಳು ಇಟ್ಟಳು.