ಕಾಶಿಯಲ್ಲಿ ಬಿಟ್ಟ ಬದನೆಕಾಯಿ

ಬಾಗಿಲಿಗೆ ನೀರು ಹಾಕಿದೆ. ಹಾಲು ಕಾಯಿಸಿದೆ. ಇಡ್ಲಿಗೆ ನೆನೆಹಾಕಿದೆ, ಯಜಮಾನರ ಡಬ್ಬಿ ಕಟ್ಟಿದೆ, ಮಿಕ್ಸಿ ಜಾರಿಗೆ ಹೊಸ ವಾಷರ್ ತಂದೆ, ಒಣಗಿದ ಬಟ್ಟೆ ಮಡಚಿಟ್ಟೆ. ಇಷ್ಟರ ನಡುವೆ ಅತ್ತೆಯನ್ನು ವಿಜಯನಗರದ ಮೆಟ್ರೋ ಮೆಟ್ಟಿಲು ಹತ್ತಿಸಲು ಕರೆದುಕೊಂಡು ಹೋಗಿದ್ದೆ.

ರೈಲಿನಲ್ಲಿ ಎಲ್ಲಿಗೂ ಹೋಗುವುದಿರಲಿಲ್ಲ. ಮುಂದಿನ ತಿಂಗಳು ನಮ್ಮ ಭಜನಾ ಮಂಡಳಿ ಕಾಶಿಗೆ ಹೊರಟಿದೆ. ಎಲ್ಲರಿಗಿಂತ ಮೊದಲು ಹೆಸರು ಕೊಟ್ಟವರು ನಮ್ಮತ್ತೆ. ಅಲ್ಲಿಯ ಮೆಟ್ಟಿಲಿಗೆ ಅವರ ಮಂಡಿ ತಡೆಯುತ್ತದೆಯೇ ಎಂದು ನೋಡಬೇಕಿತ್ತು. ಲಿಫ್ಟ್ ತೋರಿಸಿದೆ. "ಕಾಶೀಲಿ ಲಿಫ್ಟ್ ಇಟ್ಟಿದಾರಾ? ನಡಿ" ಎಂದರು. ಅರ್ಧ ಹತ್ತಿ, ಕಂಬಿ ಹಿಡಿದು ಅಲ್ಲೇ ಕೂತುಬಿಟ್ಟರು. ಜನ ನಮ್ಮನ್ನು ಬಳಸಿಕೊಂಡು ಹತ್ತುತ್ತಿದ್ದರು. ನಾನೂ ಪಕ್ಕದಲ್ಲಿ ಕೂತೆ. ಉಸಿರು ಹತೋಟಿಗೆ ಬಂದ ಮೇಲೆ ಅತ್ತೆ ಆಡಿದ ಮೊದಲ ಮಾತು: "ಮಂಡಳಿಯವ್ರಿಗೆ ಹೇಳ್ಬೇಡ ಕಣೇ. ಬಿಟ್ಟು ಹೋಗ್ಬಿಡ್ತಾರೆ."

ಆಯಿತು ಅಂದೆ.

ಸಂಜೆ ಸಭೆ ನಮ್ಮ ಮನೆಯಲ್ಲೇ. ಮಂಡಳಿಯಲ್ಲಿ ಕಾಶಿ ನೋಡಿದವಳು ನಾನೊಬ್ಬಳೇ, ತವರಿನವರ ಜೊತೆ ಹೋಗಿದ್ದೆ. ಹೋಗುವವರಿಗೆ ಊರಿನ ಪರಿಚಯ ಮಾಡಿಕೊಡಿ ಎಂದು ಕಾರ್ಯದರ್ಶಿ ಕೇಳಿದ್ದರು. ಅವರು ಬಸವೇಶ್ವರನಗರದ ನಿವೃತ್ತ ಟೀಚರು. ಪ್ರಶ್ನೆ ಕೇಳಿ ಉತ್ತರವನ್ನೂ ತಾವೇ ಹೇಳುವವರು.

ನನಗೆ ಹೇಳಬೇಕಿದ್ದದ್ದು ಇಷ್ಟೇ. ಕಾಶಿಯಲ್ಲಿ ಬಸ್ಸು ದೂರದಲ್ಲೇ ಇಳಿಸುತ್ತದೆ. ಅಲ್ಲಿಂದ ಗಲ್ಲಿಗಳು. ಇಬ್ಬರು ಎದುರಾದರೆ ಒಬ್ಬರು ಗೋಡೆಗೆ ಅಂಟಿಕೊಳ್ಳಬೇಕು. ಹಸುವಿಗೂ ದಾರಿ ಬಿಡಬೇಕು, ಹೆಣ ಹೊತ್ತು ಬರುವವರಿಗೂ ಬಿಡಬೇಕು. ಗಲ್ಲಿ ಮುಗಿದ ಕಡೆ ಒಮ್ಮೆಲೇ ಬಯಲಾಗಿ, ಕೆಳಗೆ ಗಂಗೆ, ನಡುವೆ ಬರೀ ಮೆಟ್ಟಿಲು. ಹತ್ತಿ ಇಳಿಯಲಾಗದವರಿಗೆ ಊರ ತುದಿಯಲ್ಲಿ ಮೆಟ್ಟಿಲು ಕಡಿಮೆಯಿರುವ ಘಟ್ಟವೊಂದಿದೆ. ಬೆಳಗಾಗುವ ಮುಂಚೆ ಅಲ್ಲಿ ದೋಣಿ ಹತ್ತಿದರೆ, ಕೂತಲ್ಲಿಂದಲೇ ಇಡೀ ಕಾಶಿ ಬಿಸಿಲಿಗೆ ಮುಖ ಒಡ್ಡುವುದನ್ನು ನೋಡಬಹುದು. ಆದರೆ ಅದಕ್ಕೆ ಎರಡು ರಾತ್ರಿಯಾದರೂ ಅಲ್ಲಿ ಉಳಿಯಬೇಕು. ಮಂಡಳಿ ಗೊತ್ತುಮಾಡಿದ್ದ ಟೂರಿನವನು ಕೊಟ್ಟಿದ್ದು ಒಂದು ಹಗಲು.

ನಾನು "ಬಸ್ಸು ದೂರದಲ್ಲೇ" ಅನ್ನುವಷ್ಟರಲ್ಲಿ, ಮಂಡಳಿಯಲ್ಲೇ ಇರುವ ಹಿಂದಿನ ಬೀದಿಯವರೊಬ್ಬರು, "ಅಲ್ಲಿ ಇಡ್ಲಿ ಸಿಗತ್ತೇನ್ರೀ?" ಎಂದರು.

"ಸಿಗತ್ತೆ. ಆ ಗಲ್ಲಿಗಳಲ್ಲಿ..."

"ಸೀರೆ ಅಂಗಡೀಲಿ ಎಷ್ಟು ಹೊತ್ತು ಬಿಡ್ತಾರೆ?"

ಆಮೇಲೆ ಮಾತು ಕಾಶಿಯಲ್ಲಿ ಏನು ಬಿಟ್ಟುಬರುವುದು ಎಂಬಲ್ಲಿಗೆ ಹೊರಳಿತು. ಒಂದು ತರಕಾರಿಯನ್ನೋ ಹಣ್ಣನ್ನೋ ಅಲ್ಲಿ ಬಿಟ್ಟರೆ ಜೀವವಿರುವ ತನಕ ತಿನ್ನುವಂತಿಲ್ಲ.

"ನಾನು ಹಾಗಲಕಾಯಿ" ಎಂದರು ಕಾರ್ಯದರ್ಶಿ.

"ನೀವು ಹಾಗಲಕಾಯಿ ತಿಂದಿದ್ದು ಯಾವಾಗ?"

"ಅದಕ್ಕೇ ಅದನ್ನ ಬಿಡೋದು."

ಎಲ್ಲರೂ ನಕ್ಕರು. ಇಷ್ಟವಾದದ್ದನ್ನು ಬಿಡಬೇಕು ಎಂದು ನಾನಂದದ್ದು ಯಾರಿಗೂ ಕೇಳಿಸಲಿಲ್ಲ. ನಾನು ಬಿಟ್ಟದ್ದು ಬದನೆಕಾಯಿ. ಈ ಊರಿನಲ್ಲಿ ಯಾರ ಗೃಹಪ್ರವೇಶಕ್ಕೆ ಹೋದರೂ ವಾಂಗಿಬಾತ್. ಮನೆಯಲ್ಲಿ ಎಣ್ಣೆಗಾಯಿ ಮಾಡುತ್ತೇನೆ, ನಾಲಿಗೆಗೆ ಇಟ್ಟು ನೋಡುವಂತಿಲ್ಲ. ಉಪ್ಪು ನೋಡುವವರು ಅತ್ತೆ.

ಬಸ್ಸು, ಮೆಟ್ಟಿಲು, ದೋಣಿ, ಎರಡು ರಾತ್ರಿ, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟೆ. ಕಾರ್ಯದರ್ಶಿ ಟೂರಿನವನಿಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದರು. "ಮೇಡಂ, ಬಸ್ಸು ದೇವಸ್ಥಾನದ ಬಾಗಿಲಿಗೇ ಬರತ್ತೆ. ಟೆನ್ಶನ್ ತಗೋಬೇಡಿ" ಎಂದ.

"ಬರಲ್ಲ ಕಣಪ್ಪ, ನಾನು ನಡೆದಿದೀನಿ" ಎಂದೆ. ಫೋನ್ ಅಷ್ಟರಲ್ಲಿ ಕಟ್ಟಾಗಿತ್ತು.

"ದೋಣಿ, ಎರಡು ರಾತ್ರಿ, ಎಲ್ಲ ಕಷ್ಟ ಬಿಡಿ. ಅವತ್ತೇ ಪ್ರಯಾಗಕ್ಕೆ ಹೋಗ್ಬೇಕಲ್ಲ" ಎಂದರು ಕಾರ್ಯದರ್ಶಿ.

"ಅತ್ತೆ ಹೋಗ್ಬಿಟ್ರೆ ಸೊಪ್ಪು ಬಿಡಿಸೋಕೆ ಯಾರಿರ್ತಾರೆ ಅಂತ ಸೊಸೆಗೆ ಯೋಚನೆ" ಎಂದರು ಹಿಂದಿನ ಬೀದಿಯವರು, ನನ್ನ ಕೈಯಿಂದಲೇ ಕಾಫಿ ತೆಗೆದುಕೊಳ್ಳುತ್ತ.

ತಟ್ಟೆ ಹಿಡಿದು ನಿಂತೇ ಇದ್ದೆ. ಅತ್ತೆಗೆ ಮಾತು ಕೊಟ್ಟಿದ್ದೆ, ಕಾರಣ ಹೇಳುವಂತಿರಲಿಲ್ಲ.

ಮೂಲೆಯ ಕುರ್ಚಿಯಿಂದ ಅತ್ತೆ ಅಂದರು: "ಅವಳನ್ಯಾಕೆ ಅಂತೀರಿ? ಬೆಳಗ್ಗೆ ಮೆಟ್ರೋ ಮೆಟ್ಟಿಲಲ್ಲಿ ಅರ್ಧಕ್ಕೇ ಕುಸಿದು ಕೂತೆ. ಹೇಳ್ಬೇಡ ಅಂದಿದ್ದು ನಾನು."

ಕಾರ್ಯದರ್ಶಿ ಕಾಫಿ ಲೋಟ ಕೆಳಗಿಟ್ಟು, "ಡೋಲಿ ಇದ್ರೂ ಇರಬಹುದು. ನಾಲ್ಕು ಜನ ಹೊತ್ಕೊಂಡು ಹೋಗ್ತಾರೆ" ಎಂದರು.

"ನಾಲ್ಕು ಜನ ಹೊರೋದಕ್ಕೆ ಇನ್ನೂ ಟೈಮಿದೆ ಬಿಡಮ್ಮ. ನನ್ನ ಹೆಸರು ತೆಗೆದುಬಿಡಿ. ನಾನು ಸೊಸೆ ಜೊತೆ ಹೋಗಿ ದೋಣೀಲಿ ಕೂತು ನೋಡ್ತೀನಿ. ಪ್ರಯಾಗ ನೀವು ನೋಡ್ಕೊಳ್ಳಿ."

ಸೊಸೆಯನ್ನು ಒಂದು ಮಾತು ಕೇಳಿದವರಿಲ್ಲ. ಎಲ್ಲರೂ ಹೋದ ಮೇಲೆ ಲೋಟಗಳನ್ನು ಸಿಂಕಿಗೆ ಹಾಕುವಾಗ ಸದ್ದು ಸ್ವಲ್ಪ ಜೋರಾಗಿಯೇ ಆಯಿತು. "ನನ್ನನ್ನ ಕೇಳ್ಬೇಕು ಅನ್ನಿಸ್ಲಿಲ್ವಾ? ಟಿಕೆಟ್ಟು, ರಜ, ಇವರ ಡಬ್ಬಿ, ಎಲ್ಲ ಯಾರು ನೋಡೋದು?"

"ಮೆಟ್ಟಿಲ ಮೇಲೆ ಬೈಯದೆ ಪಕ್ಕದಲ್ಲಿ ಬಂದು ಕೂತ್ಯಲ್ಲ, ಆಗ್ಲೇ ಅಂದ್ಕೊಂಡೆ, ಇವಳು ಇಲ್ಲ ಅನ್ನಲ್ಲ ಅಂತ" ಎಂದರು ಅತ್ತೆ. ಸಿಟ್ಟು ಇಳಿಯಲಿಲ್ಲ. ಆದರೂ ಲೋಟಗಳನ್ನು ಮೆಲ್ಲಗೆ ತೊಳೆದೆ.

ರಾತ್ರಿಗೆ ಮುದ್ದೆ, ಎಣ್ಣೆಗಾಯಿ. ಅತ್ತೆ ಬೆರಳಲ್ಲಿ ನೆಕ್ಕಿ, "ಚೂರು ಉಪ್ಪು ಹಾಕು. ನಾನೂ ಅಲ್ಲಿ ಬದನೆಕಾಯೇ ಬಿಡ್ತೀನಿ" ಎಂದರು.

"ಆಮೇಲೆ ಉಪ್ಪು ನೋಡೋರ್ಯಾರು?"

"ನಿನ್ನ ಗಂಡ ಇದಾನಲ್ಲ. ಆ ಒಂದು ಕೆಲಸ ಕಲೀಲಿ."

ಯಜಮಾನರು ಇನ್ನೊಂದು ಬದನೆಕಾಯಿ ಬಡಿಸಿಕೊಂಡರು. ಅವರಿಬ್ಬರೂ ಎಣ್ಣೆಗಾಯಿ ಪೂರ್ತಿ ಮುಗಿಸಿದರು. ನಾನು ಮೊಸರನ್ನ, ಮಾವಿನ ಉಪ್ಪಿನಕಾಯಿ ತಿಂದೆ. ಮಲಗುವಾಗ ಅತ್ತೆಯ ಒಂದು ಮಂಡಿಗೆ ಎಣ್ಣೆ ಹಚ್ಚಿ ಮುಗಿಸುವಷ್ಟರಲ್ಲಿ ಅವರಿಗೆ ನಿದ್ದೆ ಹತ್ತಿತ್ತು. ಇನ್ನೊಂದು ಮಂಡಿಗೆ ಹಚ್ಚುವುದು ಬಾಕಿಯಿತ್ತು.