ಕಚ್ಚಿಸಿಕೊಂಡ ಕೋಲು

ಮರಗೆಲಸದ ಲೋಕದಲ್ಲಿ ಕುರ್ಚಿ ಮಾಡಿ ಹೆಸರಾದವರಿದ್ದಾರೆ, ಬಾಗಿಲ ಮೇಲೆ ಬಳ್ಳಿ ಕೆತ್ತಿ ಸನ್ಮಾನ ಪಡೆದವರಿದ್ದಾರೆ. ಆದರೆ ಯಾವ ಗಿರಾಕಿಯೂ ಕೇಳದ, ಯಾರ ಮನೆಯ ಹಜಾರದಲ್ಲೂ ಕಾಣಿಸದ ಒಂದು ತುಂಡು ಪ್ಲೈವುಡ್ಡಿನಿಂದ ಹೆಸರಾದವರು, ನನಗೆ ತಿಳಿದ ಮಟ್ಟಿಗೆ, ನಮ್ಮ ಗರಗಸದ ಮೇಸ್ತ್ರಿಗಳೊಬ್ಬರೇ. ಅವರು ನಿವೃತ್ತರಾಗಿ ಕೆಲವು ತಿಂಗಳಾದ ಮೇಲೆ ನಿಧಾನವಾಗಿ ಹೊರಬರುತ್ತಿರುವ ಈ ಅಭಿನಂದನ ಗ್ರಂಥಕ್ಕೆ (ಸಮಿತಿಯವರು ಕ್ಷಮಿಸಬೇಕು) ನನ್ನಿಂದ ಲೇಖನ ಕೇಳಿದವರು, "ಸ್ವಲ್ಪ ಗೌರವದಿಂದ ಬರೀರಿ ಅಕ್ಕಾ, ಜಗಳ ಎಲ್ಲ ಬೇಡ" ಎಂದೂ ಸೇರಿಸಿದರು. ಪೀಠೋಪಕರಣ ಕಾರ್ಖಾನೆಯ ಉಗ್ರಾಣವನ್ನು ಇಷ್ಟು ವರ್ಷ ಕಾದವಳಿಗೆ ಜಗಳವಿಲ್ಲದ ಗೌರವ ಎಂಥದೆಂದು ಗೊತ್ತಿಲ್ಲ. ಪ್ರಯತ್ನಪಡುತ್ತೇನೆ.

ಅವರು ಬರುವ ಮೊದಲು ನಮ್ಮ ಗರಗಸದ ಮೇಜಿನ ಬಳಿ ಒಂದೇ ಮಂತ್ರವಿತ್ತು: "ಏನಾಗುತ್ತೆ ಬಿಡಿ." ಮೇಜಿನ ಸೀಳಿನಿಂದ ತಲೆಯೆತ್ತಿ ತಿರುಗುವ ಬ್ಲೇಡಿನತ್ತ ಹಲಗೆಯನ್ನು ತಳ್ಳಬೇಕು; ಪಟ್ಟಿ ಕಿರಿದಾದಷ್ಟೂ ಕೈ ಬ್ಲೇಡಿಗೆ ಹತ್ತಿರವಾಗುತ್ತದೆ. ಆಗೆಲ್ಲ ನಮ್ಮ ಜನ ಕೈಗೆ ಸಿಕ್ಕ ಚಕ್ಕೆಯಿಂದ ತಳ್ಳುತ್ತಿದ್ದರು, ಅದೂ ಸಿಗದಿದ್ದರೆ ಹೆಬ್ಬೆರಳಿನಿಂದ. ಮೇಸ್ತ್ರಿಗಳು ಸೇರಿದ ದಿನ ಸ್ವಿಚ್ಚನ್ನು ಮುಟ್ಟದೆ ನೇರ ನನ್ನ ಕಿಟಕಿಗೆ ಬಂದರು.

"ಅಕ್ಕಾ, ಒಂದು ಮೊಳದಷ್ಟು ಪ್ಲೈವುಡ್ ಚೂರು ಇದ್ರೆ ಕೊಡಿ."

"ಕೆಲಸಾನೇ ಶುರು ಮಾಡಿಲ್ಲ, ಚೂರು ಎಲ್ಲಿಂದ ಬರುತ್ತೆ?"

"ಅದು ಬರದೆ ಕೆಲಸ ಶುರು ಆಗಲ್ಲ."

ಎಲಾ ಇವರ ಠೇಂಕಾರವೇ ಎಂದುಕೊಂಡೇ ಕೊಟ್ಟೆ. ಸಣ್ಣ ಕೈಗರಗಸ ಹಿಡಿದು ಕುಳಿತವರು ಅದನ್ನು ತಳ್ಳುಕೋಲು ಮಾಡಿಬಿಟ್ಟರು: ಮುಂದಿನ ತುದಿಯ ಕೆಳಗೆ ಹಲಗೆಯ ಹಿಂಬದಿಗೆ ಸರಿಯಾಗಿ ಕೂರುವ ಒಂದು ಕಚ್ಚು, ಹಿಂದೆ ಬ್ಲೇಡಿಗಿಂತ ಎತ್ತರದಲ್ಲಿ ಅಂಗೈಯನ್ನು ನಿಲ್ಲಿಸುವ ಹಿಡಿ, ಅಂಚೆಲ್ಲ ಉಜ್ಜಿ ನುಣುಪು. ಕಬ್ಬಿಣದ್ದು ಮಾಡಿದರೆ ಹೆಚ್ಚು ಬಾಳಿಕೆ ಬರುವುದಿಲ್ಲವೇ ಎಂದು ಕೇಳಿದೆ. ಬ್ಲೇಡು ತಾಗಿದಾಗ ಕೋಲು ಸುಮ್ಮನೆ ಕೊಯ್ಸಿಕೊಳ್ಳಬೇಕು, ಕಬ್ಬಿಣವಾದರೆ ಸಿಡಿದು ಮುಖಕ್ಕೇ ಬರುತ್ತದೆ ಎಂದರು. ಮೇಜಿನ ಬಲಕ್ಕೆ, ಕೈ ಚಾಚಿದರೆ ಸಿಗುವಂತೆ ಮೊಳೆ ಹೊಡೆದು ತೂಗುಹಾಕಿದ ಮೇಲೆಯೇ ಮೆಷಿನ್ನು ಶುರುವಾಯಿತು. ಜನ ಅವರ ಬೆನ್ನ ಹಿಂದೆ 'ಕೋಲಪ್ಪ' ಎಂದರು. ಎದುರೇ ಹಾಗೆ ಕರೆದವಳು ನಾನೊಬ್ಬಳೇ.

ಮುಂದಿನ ವರ್ಷಗಳಲ್ಲಿ ನನ್ನ ಉಗ್ರಾಣದ ಒಳ್ಳೊಳ್ಳೆಯ ಚೂರುಗಳನ್ನು ಅವರು ಹಾಡಹಗಲೇ ಹೊತ್ತೊಯ್ದರು, ನಾನು ಬೈಯುತ್ತಲೇ ಇದ್ದೆ. ಆದರೆ ಆಟಿಕೆ ವಿಭಾಗಕ್ಕೆ ಬಂದ ಹೊಸ ಹುಡುಗಿಗೆ ಇದ್ದ ಕೋಲುಗಳ ಹಿಡಿಯೆಲ್ಲ ದಪ್ಪವೆಂದು ತಿಳಿದ ದಿನ, ಅವರು ಅವಳ ಅಂಗೈಯನ್ನು ಪ್ಲೈವುಡ್ಡಿನ ಮೇಲೆ ಇಡಿಸಿ, ಸುತ್ತ ಪೆನ್ಸಿಲ್ ಎಳೆದು, ಆ ಅಳತೆಗೇ ಹಿಡಿ ಕೊಯ್ದು ಕೊಟ್ಟದ್ದನ್ನು ಕಿಟಕಿಯಿಂದ ನೋಡಿದೆ. "ಚಪ್ಪಲಿಗೆ ಅಳತೆ ಕೊಡ್ತೀಯಲ್ಲಮ್ಮ, ಇದಕ್ಕೂ ಕೊಡು" ಎಂದರಷ್ಟೆ. ಅಂದಿನಿಂದ ಒಳ್ಳೆಯ ಚೂರುಗಳನ್ನು ನಾನೇ ಬೇರೆ ಎತ್ತಿಡತೊಡಗಿದೆ, ಬೈಗುಳವನ್ನು ಮಾತ್ರ ಬಿಡಲಿಲ್ಲ.

ಇನ್ನು ನನ್ನ ಸ್ವಂತ ಸಂಕಟದ ಮಾತು. ನನ್ನ ಮಗಳ ಗಂಡ ಇವರ ಕೈಕೆಳಗೇ ಪಳಗಿದವನು, ಇವರ ನಂತರ ಗರಗಸದ ಮೇಜು ಅವನದೇ ಎಂದು ತೀರ್ಮಾನವಾಗಿತ್ತು. ಅಳಿಯನ ಕೈ ಬಹಳ ನಯ. ಅಷ್ಟು ನಯವಾಗಿದ್ದದ್ದೇ ತಾಪತ್ರಯವಾಯಿತು. ಅವನು ತನಗಾಗಿ ತೇಗದ ತಳ್ಳುಕೋಲೊಂದನ್ನು ಮಾಡಿಕೊಂಡ: ಹಿಡಿಯಲ್ಲಿ ಹಕ್ಕಿಯ ತಲೆ, ಮುಂದಿನ ತುದಿಗೆ ಗರಿಗರಿಯಾಗಿ ಕೆತ್ತಿದ ಬಾಲ, ಮುಖ ಕಾಣುವಷ್ಟು ಪಾಲಿಶ್. ಕಾರ್ಖಾನೆಯೆಲ್ಲ ಬಂದು ನೋಡಿತು. ನನಗೂ ಹೆಮ್ಮೆ, ಸುಳ್ಳೇಕೆ ಹೇಳಲಿ!

ಒಂದು ಮಧ್ಯಾಹ್ನ ಅವನು ಕಿಟಕಿ ಚೌಕಟ್ಟಿಗೆ ಬೆರಳಗಲದ ಪಟ್ಟಿಗಳನ್ನು ಸೀಳುತ್ತಿದ್ದ. ನೋಡುತ್ತೇನೆ, ಹಕ್ಕಿಯ ಕೋಲು ಪಕ್ಕದಲ್ಲಿ ಬಟ್ಟೆಯ ಮೇಲೆ ಮಲಗಿದೆ, ನನ್ನ ಅಳಿಯನ ಹೆಬ್ಬೆರಳು ಬ್ಲೇಡಿನತ್ತ ನಡೆದಿದೆ. ಕೂಗಿದರೆ ಬೆಚ್ಚಿಬಿದ್ದಾನೆಂದು ಬಾಯಿ ಮುಚ್ಚಿಕೊಂಡೆ. ಅಷ್ಟರಲ್ಲಿ ಮೇಸ್ತ್ರಿಗಳು ಸ್ವಿಚ್ಚು ಆರಿಸಿದ್ದರು. ಬ್ಲೇಡು ಪೂರ್ತಿ ನಿಲ್ಲುವವರೆಗೆ ಅವರೂ ಮಾತಾಡಲಿಲ್ಲ.

"ಕೋಲು ಎಲ್ಲಿ?"

"ಪಟ್ಟಿ ತುಂಬ ಸಣ್ಣದು ಮೇಸ್ತ್ರಿ. ಬ್ಲೇಡ್ ತಾಗಿ ಬಾಲ ಹಾಳಾಗುತ್ತೆ ಅಂತ..."

"ಓಹೋ. ಹಕ್ಕಿಗೆ ನೋವಾಗ್ಬಾರ್ದು ಅಂತ ಬೆರಳು ಕೊಡ್ತಿದ್ದೀರಾ?"

ಸುತ್ತ ನಿಂತವರು ನಕ್ಕರು. ನನಗೆ ನಗು ಬರಲಿಲ್ಲ. ಅಳಿಯ ಪ್ಲೈವುಡ್ಡಿನ ಹಳೆಯ ಕೋಲು ಹಿಡಿದು ಕೆಲಸ ಮುಗಿಸಿದ, ಹಕ್ಕಿಯನ್ನು ಬಟ್ಟೆಯಲ್ಲಿ ಸುತ್ತಿ ಮನೆಗೆ ಒಯ್ದ. ಇನ್ನು ಕೆಲವೇ ದಿನಕ್ಕೆ ಮೇಸ್ತ್ರಿಗಳು ಹೊರಡುವವರು. ಆಮೇಲೆ ಆ ಸ್ವಿಚ್ಚಿನ ಬಳಿ ನಿಲ್ಲುವವರು ಯಾರು ಎಂಬುದೇ ನನ್ನ ತಲೆಯಲ್ಲಿ ಕೊರೆಯತೊಡಗಿತು.

ಬೀಳ್ಕೊಡುಗೆಯ ದಿನ ಹಾರ, ಶಾಲು, ಭಾಷಣಗಳೆಲ್ಲ ಆದ ಮೇಲೆ ಅಳಿಯ ಅದೇ ಹಕ್ಕಿಯ ಕೋಲನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಮೇಸ್ತ್ರಿಗಳಿಗೆ ಅರ್ಪಿಸಿದ. ಅವರು ಅದನ್ನು ಹೊರಗೆ ತೆಗೆದು, ತಿರುಗಿಸಿ ನೋಡಿ, "ಎಂಥಾ ಕೆಲಸ ಮಾರಾಯ್ರೇ! ನನ್ನ ಕೈಲಿ ಈ ಜನ್ಮದಲ್ಲಿ ಆಗ್ತಿರ್ಲಿಲ್ಲ" ಎಂದರು. ಆ ಮೆಚ್ಚುಗೆ ನಿಜವಾದದ್ದು. ಆಮೇಲೆ ಶಾಲು, ಹಾರ ತೆಗೆದು ಕುರ್ಚಿಯ ಮೇಲಿಟ್ಟು, ಅಲ್ಲೇ ಇದ್ದ ಗರಗಸದ ಮೇಜಿನ ಬಳಿ ನಡೆದು ಸ್ವಿಚ್ಚು ಹಾಕಿದರು. ಹಲಗೆಯ ನೇರಕ್ಕೆ ನಿಲ್ಲದೆ ಒಂದು ಪಕ್ಕಕ್ಕೆ ಸರಿದು ನಿಂತು, ಬೆರಳಗಲದ ಪಟ್ಟಿಯೊಂದನ್ನು ಹಕ್ಕಿಯಿಂದಲೇ ಒತ್ತಿ ಹಿಡಿದು, ಬ್ಲೇಡು ದಾಟುವವರೆಗೂ ನಿಲ್ಲಿಸದೆ ತಳ್ಳಿದರು. ಬ್ಲೇಡು ಬಾಲವನ್ನು ಕಚ್ಚಿತು. ಗರಿಗಳ ಪುಡಿ ಹಾರಿತು. ಸಭೆಯೆಲ್ಲ "ಅಯ್ಯೋ!" ಎಂದಿತು.

ಮೇಸ್ತ್ರಿಗಳು ಮೆಷಿನ್ನು ಆರಿಸಿ ಕೋಲನ್ನು ಅವನ ಕೈಗೇ ಕೊಟ್ಟರು. "ತಗೊಳ್ಳಿ ಅಳಿಯಂದ್ರೇ. ಕೊಟ್ಟಿದ್ದು ನನಗೆ ಮುಟ್ತು, ಸಂತೋಷ ಆಯ್ತು. ಹಾಳಾಗೋದು ಹಾಳಾಗಿ ಹೋಯ್ತಲ್ಲ, ಇನ್ನು ಧೈರ್ಯವಾಗಿ ಬಳಸಿ." ಗಾಜಿನ ಪೆಟ್ಟಿಗೆಯನ್ನು ಮಾತ್ರ ತಮಗಿಟ್ಟುಕೊಂಡರು, ಮೊಳೆ ಹಾಕಿಡಲು ಅನುಕೂಲವೆಂದು.

ನನಗೆ ಅಳು ಬಂತು, ಎಲ್ಲರೆದುರೇ ಅತ್ತೆ. ಅದನ್ನು ನಿವೃತ್ತಿಯ ದುಃಖವೆಂದು ಸಮಾರಂಭದ ವರದಿಯಲ್ಲಿ ಬರೆದಿದ್ದಾರೆ, ಇರಲಿ.

ಈಗ ಅವರು ಮನೆಯ ಹಿತ್ತಿಲಲ್ಲಿ ಕುಳಿತು ಸುತ್ತಲಿನ ಸಣ್ಣ ಕಾರ್ಖಾನೆಗಳಿಗೆಲ್ಲ ಕೋಲು ಮಾಡಿ ಹಂಚುತ್ತಿದ್ದಾರೆಂದು ಕೇಳಿದೆ. ಅವರು ಬಾಯಿಬಿಟ್ಟು ಕೇಳುವ ಮೊದಲೇ, ನನ್ನ ಸೇವೆಯಲ್ಲಿ ಇದೇ ಮೊದಲ ಸಲ, ಒಂದು ಚೀಲ ಪ್ಲೈವುಡ್ ಚೂರನ್ನು ನಾನಾಗಿ ಕಳುಹಿಸಿಕೊಟ್ಟಿದ್ದೇನೆ. ಕೋಲಪ್ಪನವರು ನೂರು ವರ್ಷ ಬಾಳಲಿ, ಆ ಚೀಲ ಬರಿದಾಗುತ್ತಲೇ ಇರಲಿ, ನಾನು ಬೈಯುತ್ತಾ ತುಂಬಿಸುತ್ತಲೇ ಇರುವಂತಾಗಲಿ. ಇದನ್ನು ಬರೆಯುತ್ತ ಕಿಟಕಿಯಿಂದ ನೋಡುತ್ತಿದ್ದೇನೆ: ಅಳಿಯ ಪಟ್ಟಿ ಸೀಳುತ್ತಿದ್ದಾನೆ. ಹಕ್ಕಿಗೆ ಬಾಲವೇ ಉಳಿದಿಲ್ಲ. ಅವನ ಹತ್ತು ಬೆರಳೂ ಇವೆ.